ಮರೆಮ್ಮ ತೋರಿಸಿದ ಹನ್ನೊಂದು ನೀಲಿ ಬಾಸುಂಡೆ

ಆಳಂದದ ಜಾನುವಾರು ದವಾಖಾನೆಯ ಅಂಗಳದಲ್ಲಿ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೂರು ಕಲ್ಲಿನ ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿದೆ. ಒಲೆಯ ಮುಂದೆ ಕುಳಿತ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹಳೆಯ ಕಂಬಳಿಯ ತುಂಡೊಂದನ್ನು ಆ ನೀರಿನಲ್ಲಿ ಅದ್ದಿ, ಹಿಂಡಿ, ಮೊದಲು ತನ್ನ ಮೊಣಕೈಯ ಒಳಭಾಗಕ್ಕೆ ಒತ್ತಿಕೊಂಡು ನೋಡುತ್ತಾಳೆ. ತನ್ನ ತೊಗಲು ತಾಳಿದರೆ ಮಾತ್ರ ಅದು ದನದ ಮೈಗೆ ಹೋಗಬೇಕು. ಇದು ಆಕೆಯ ನೇಮ. ಹದಿನಾಲ್ಕು ವರ್ಷಗಳ ಈ ನೇಮದಿಂದ ಎಡಗೈಯ ಆ ಜಾಗ ಸೀದ ರೊಟ್ಟಿಯಂತೆ ಕಪ್ಪಾಗಿದೆ. ಅಲ್ಲಿ ಈಗ ಬಿಸಿ ತಿಳಿಯುವುದಿಲ್ಲವೆಂದು ಎರಡು ವರ್ಷಗಳಿಂದ ಬಲಗೈಗೆ ಒತ್ತಿಕೊಳ್ಳುತ್ತಿದ್ದಾಳೆ. ಆಕೆಯ ಹೆಸರು ಮರೆಮ್ಮ.

ಬೇವಿನ ಮರಕ್ಕೆ ಬಿಳಿಯ ಎತ್ತೊಂದನ್ನು ಕಟ್ಟಿದೆ. ಅದರ ಎಡಪಕ್ಕೆಯ ಕೂದಲನ್ನು ಬೋಳಿಸಿದ್ದಾರೆ. ಕೂದಲ ಕೆಳಗಿನ ತಿಳಿಗುಲಾಬಿ ಚರ್ಮದ ಮೇಲೆ, ಬಟ್ಟೆಗೆ ಬಣ್ಣ ಹಾಕುವವನು ನೀಲಿಯಲ್ಲಿ ಅದ್ದಿದ ಹಗ್ಗವನ್ನು ಒತ್ತಿ ತೆಗೆದಂತೆ, ಉದ್ದುದ್ದ ಬಾಸುಂಡೆಗಳು ಎದ್ದಿವೆ.

"ಎತ್ತು ಯಾರದು, ಮರೆಮ್ಮ?" ಎಂದು ನಾನು ಕೇಳುತ್ತೇನೆ.

ಮಾತು ಮುಗಿಯುವ ಮೊದಲೇ ಎತ್ತು ಬೆಚ್ಚಿ, ಕಿವಿಗಳನ್ನು ಹಿಂದಕ್ಕೆ ಒತ್ತಿ, ಹಗ್ಗ ಜಗ್ಗಿ ಮರದ ಆಚೆಗೆ ಸರಿಯುತ್ತದೆ.

"ಮೆತ್ತಗ ಮಾತಾಡ್ರಿ ಮಾಸ್ತರ," ಎನ್ನುತ್ತಾಳೆ ಮರೆಮ್ಮ, ನನ್ನತ್ತ ನೋಡದೆ. "ಅದಕ್ಕ ನಿಮ್ಮ ದನಿ ಆಗಿ ಬರೂದಿಲ್ಲ." ಬಳಿಕ ಎತ್ತಿನ ಕಡೆಗೆ ತಿರುಗಿ, "ಏ ಬಿಳಿಯಾ, ನಾ ಇಲ್ಲೇ ಇದ್ದೇನಿ. ನಿಲ್ಲು, ನಿಲ್ಲು," ಎನ್ನುತ್ತಾಳೆ. ಎತ್ತು ನಿಲ್ಲುತ್ತದೆ.

ದನದ ಎಚ್ಚರ ಎಂದುಕೊಂಡು ನಾನು ಆ ಮಾತನ್ನು ಅಷ್ಟಕ್ಕೇ ಬಿಡುತ್ತೇನೆ. ಯಾವುದೋ ಹಳ್ಳಿಯಲ್ಲಿ ಕಾದ ಕಬ್ಬಿಣದ ಕೆಳಗಿನಿಂದ ಎತ್ತೊಂದನ್ನು ಬಿಡಿಸಿ ತಂದ ಹೆಂಗಸಿನ ಸುದ್ದಿ ಪೇಟೆಯಲ್ಲಿ ಹಬ್ಬಿದೆ. ಅವಳನ್ನು ಹೊಗಳಿ ಭಾನುವಾರದ ಪತ್ರಿಕೆಗೆ ನಾಲ್ಕು ಮಾತು ಬರೆಯಬೇಕೆಂಬ ದೊಡ್ಡಸ್ತಿಕೆಯಿಂದ ನಾನು ಇಲ್ಲಿಗೆ ಬಂದಿದ್ದೇನೆ.

ಮರೆಮ್ಮ ಊರ ಹೊರಗಿನ ಕೇರಿಯವಳು. ಗಂಡ ಚಂದ್ರಾಮ ಸತ್ತ ದನಗಳ ಚರ್ಮ ಸುಲಿಯುವ ಕೆಲಸದಲ್ಲಿದ್ದ. ಆತ ತೀರಿಹೋದ ವರ್ಷ ಅಂಗಳ ಗುಡಿಸಲೆಂದು ಈ ದವಾಖಾನೆಗೆ ಬಂದಳು. ದಾಖಲೆಯಲ್ಲಿ ಆಕೆ ಇಂದಿಗೂ ಕಸ ಗುಡಿಸುವವಳೇ. ಆದರೆ ಆಕೆಯ ದಿನವನ್ನು ನೋಡಿ: ಬಾವಿಯಿಂದ ಇಪ್ಪತ್ತೆರಡು ಕೊಡ ನೀರು, ಸುಗ್ಗಿಯಲ್ಲಿ ಹದಿನೈದು ದನಗಳು, ಮಳೆಗಾಲದಲ್ಲಿ ನಲವತ್ತರವರೆಗೆ, ಒಂದೊಂದರ ಊತಕ್ಕೂ ಮೂರು ಮೂರು ಸಲ ಕಾವು, ಸಂಜೆಗೆ ಹತ್ತಿರದ ಹಳ್ಳಿಗೆ ನಡಿಗೆ, ಸೂಜಿಯಾದ ದನ ಹೇಗಿದೆ ಎಂದು ನೋಡಿಬರಲು. ದನಗಳ ಡಾಕ್ಟರರಾದ ಸಲೋತ್ರಿ ಮುರ್ತುಜಾ ಸಾಹೇಬರು ಅಫಜಲಪುರ, ಜೇವರ್ಗಿ ಕಡೆಗೂ ತಿರುಗಬೇಕು. ಇಜೇರಿಗೆ ಹೋದರೆ ನಾಲ್ಕು ದಿನ ಬರುವುದಿಲ್ಲ. ಆ ನಾಲ್ಕು ದಿನ ಅಂಗಳಕ್ಕೆ ಮರೆಮ್ಮಳೇ ಗತಿ.

ಆಕೆಯ ಕೈಗುಣವನ್ನು ಹಳ್ಳಿಯವರು ಒಪ್ಪುತ್ತಾರೆ, ಆಕೆಯ ರೀತಿಯನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಬಾವು ಬಂದರೆ ಅದನ್ನು 'ಇಳಿಸಬೇಕು'. ದೃಷ್ಟಿ ಇಳಿಸಿದಂತೆ ಕೈಯನ್ನು ಮೇಲಿನಿಂದ ಕೆಳಕ್ಕೆ, ಗೊರಸಿನ ಕಡೆಗೆ ನೀವಬೇಕು. ಮರೆಮ್ಮ ಇದಕ್ಕೆ ತದ್ವಿರುದ್ಧ. ಕಾಲಿನ ಬಾವನ್ನು ಕೆಳಗಿನಿಂದ ಮೇಲಕ್ಕೆ, ಹೆಗಲ ಬಾವನ್ನು ಭುಜದ ಮುಂದಿನ ಗಂಟಿನ ಕಡೆಗೆ, ಪಕ್ಕೆಯದನ್ನು ತೊಡೆಯ ಮುಂದಿನ ಮಡಿಕೆಯ ಕಡೆಗೆ, ಬೆಕ್ಕಿನ ಮರಿಯನ್ನು ಮುಟ್ಟುವಷ್ಟು ಹಗುರವಾಗಿ ನೀವುತ್ತಾಳೆ. "ವಿಷಾ ಎದಿಗೆ ಏರಸ್ತಾಳ ನೋಡ್ರಿ ಈಕಿ!" ಎಂದು ಕೂಗಾಡಿ ದನ ಹೊಡೆದುಕೊಂಡು ಹೋದವರುಂಟು.

ಈ ರೀತಿಯನ್ನು ಎಲ್ಲಿ ಕಲಿತೆ ಎಂದರೆ, ಸತ್ತ ಎತ್ತೊಂದು ಕಲಿಸಿತು ಎನ್ನುತ್ತಾಳೆ.

ಉಣ್ಣೆ ಕಚ್ಚಿ ದನಗಳಿಗೆ ಜ್ವರ ಬಂದು, ಮೂತ್ರ ರಕ್ತದಂತೆ ಹೋಗುವ ಬೇನೆಗೆ ಸಲೋತ್ರಿಗಳು ಕೊರಳ ನರದಲ್ಲಿ ಒಂದು ನೀಲಿ ದ್ರವವನ್ನು ಏರಿಸುತ್ತಾರೆ. ಜನ ಅದನ್ನು ನೀಲಿ ಸೂಜಿ ಎನ್ನುತ್ತಾರೆ. ಎಂಟು ವರ್ಷಗಳ ಕೆಳಗೆ ಹಾಗೆ ಸೂಜಿಯಾದ ಎತ್ತೊಂದು ಜ್ವರ ತಡವಾಗಿ ಗೊತ್ತಾದುದರಿಂದ ಸತ್ತಿತು. ಅದರ ಹೆಗಲಿನ ಒಂದು ಬದಿಯಲ್ಲಿ ನೊಗ ಒತ್ತಿದ ಹೊಸ ಬಾವು ಇತ್ತು.

"ನಮ್ಮ ಕೇರಿಯವರು ಸುಲಿಯಾಕ ಕುಂತಿದ್ರು. ನಾ ನೋಡಕೋತ ನಿಂತಿದ್ದೆ," ಎನ್ನುತ್ತಾಳೆ. "ಬಾವಿನ ಜಾಗಾ ಕಡುನೀಲಿ. ಅಲ್ಲಿಂದ ಕೂದಲದಂಥ ಸಣ್ಣ ನೀಲಿ ದಾರ ಹೊಂಟಾವ್ರಿ, ಎರಡ ಮೂರು. ಹಿಂಬಾಲಿಸಿ ನೋಡಿದ್ರ ಭುಜದ ಮುಂದಿನ ಗಂಟಿಗೆ ಹೋಗಿ ಸೇರ್ಯಾವ. ಆ ಗಂಟು ನೇರಳಿ ಹಣ್ಣಾಗ್ಯದ. ಬಾವು ಇಲ್ಲದ ಕಡೀ ಗಂಟು ನೋಡಿದ್ರ ಬೆಳ್ಳಗ ಬೆಳ್ಳುಳ್ಳಿ ಇದ್ದಂಗ. ಅವತ್ತ ತಿಳೀತ್ರಿ ನನಗ. ಬಾವು ಹೋಗೂ ಹಾದಿ ಕೆಳಗ ಇಲ್ಲ, ಗಂಟಿನ ಕಡೆ ಅದ. ಹಾದಿ ಇದ್ದ ಕಡೆ ದಾರಿ ತೋರಿಸ್ಬೇಕು, ಇಲ್ಲದ ಕಡೆ ತಿಕ್ಕಿದ್ರ ಏನ ಬಂತು?"

ಮುರ್ತುಜಾ ಸಾಹೇಬರು ಇದನ್ನು ಶಾಸ್ತ್ರದ ಮಾತಿನಲ್ಲಿ ನನಗೆ ಬಿಡಿಸಿ ಹೇಳುತ್ತಾರೆ. ರಕ್ತನಾಳಗಳ ಗೋಡೆ ಆರೋಗ್ಯವಾಗಿರುವಾಗ ರಕ್ತದೊಳಗಿನ ಗಟ್ಟಿ ಸತ್ವವನ್ನು ಹೊರಗೆ ಬಿಡುವುದು ಬಹಳ ಕಡಿಮೆ. ಈ ನೀಲಿ ಆ ಸತ್ವಕ್ಕೆ ಅಂಟಿಕೊಂಡು ಮೈಯೆಲ್ಲ ಸುತ್ತುತ್ತದೆ. ಏಟು ಬಿದ್ದಲ್ಲಿ, ಸುಟ್ಟಲ್ಲಿ, ಉಜ್ಜಿದಲ್ಲಿ ಆ ಗೋಡೆ ಸಡಿಲಾಗುತ್ತದೆ. ಸತ್ವವೂ ನೀರೂ ನೀಲಿಯೂ ಒಟ್ಟಿಗೆ ಮಾಂಸದೊಳಕ್ಕೆ ಸೋರುತ್ತವೆ. ಬಾವು ಎಂದರೆ ಆ ಸೋರಿಕೆಯೇ. ಸೋರಿದ ಸತ್ವ ರಕ್ತನಾಳಕ್ಕೆ ನೇರವಾಗಿ ಮರಳಲಾರದು. ಅದನ್ನು ಬೇರೊಂದು ಬಗೆಯ ಸಣ್ಣ ನಾಳಗಳು ಹೀರಿ, ಗಂಟುಗಳ ಮೂಲಕ ಸಾಗಿಸಿ, ಎದೆಯ ಹತ್ತಿರ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಗ್ರಂಥಗಳಲ್ಲಿ ಅವುಗಳಿಗೆ ದುಗ್ಧನಾಳಗಳೆಂದು ಹೆಸರು.

"ನಾನು ಕಾಲೇಜಿನಲ್ಲಿ ಚಿತ್ರ ನೋಡಿ ಪಾಸಾದೆ, ಮಾಸ್ಟರ್ ಸಾಹೇಬ್," ಎಂದು ಸಲೋತ್ರಿಗಳು ನಗುತ್ತಾರೆ. "ಈಕಿ ಖರೇ ಎತ್ತಿನಾಗ ನೋಡ್ಯಾಳ. ಇಬ್ಬರೊಳಗ ಯಾರು ಜಾಸ್ತಿ ಓದ್ಯಾರ, ನೀವಾ ಹೇಳ್ರಿ."

"ಸಾಹೇಬ್ರು ಏನೇನೋ ಹೇಳ್ತಾರ್ರಿ," ಎನ್ನುತ್ತಾಳೆ ಮರೆಮ್ಮ. "ಮಳ್ಯಾಗ ಕಂಬಳಿ ಹೊದ್ಕೊಂಡು ನಿಂತೀರೇನು? ನೀರು ಒಳಗ ಬರೂದಿಲ್ಲ. ಒಳಗಿಂದ ಒಂದ್ ಬೆರಳ ಹಚ್ಚಿ ತಿಕ್ರಿ, ಬರೋಬ್ಬರಿ ಅಲ್ಲೇ ಸೋರ್ತದ. ಮೈಯೂ ಹಂಗ. ಮುಟ್ಟಬಾರದಂಗ ಮುಟ್ಟಿದಲ್ಲಿ ಸೋರ್ತದ."

ನಮ್ಮ ಸಮಾಜದ ರೀತಿಯನ್ನು ನೆನೆದರೆ ತಲೆ ತಗ್ಗುತ್ತದೆ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಬಳಿದು, ಪಾದಕ್ಕೆ ನೀರೆರೆದು, ಹೋಳಿಗೆ ತಿನ್ನಿಸಿ, ಅದು ಬಸವಣ್ಣನೇ ಎಂದು ಕೈಮುಗಿಯುತ್ತೇವೆ. ಉಳಿದ ದಿನಗಳಲ್ಲಿ ಅದರ ಪಕ್ಕೆಗೆ ಏನು ಬಳಿಯುತ್ತೇವೆ ಎಂಬುದನ್ನು ಬಲ್ಲವಳು ಈ ಒಬ್ಬ ಹೆಂಗಸು. ಆಕೆಯನ್ನು ನಾವು ಬಾವಿಯ ಕಟ್ಟೆ ಹತ್ತಗೊಡುವುದಿಲ್ಲ. ಇಪ್ಪತ್ತೆರಡು ಕೊಡ ನೀರನ್ನೂ ಯಾರಾದರೂ ಸೇದಿ ಹೊಯ್ಯುವವರೆಗೆ ಆಕೆ ದೂರ ನಿಂತು ಕಾಯಬೇಕು. ಆ ಕಾಯುವಿಕೆಯ ಹೊತ್ತನ್ನು ಯಾವ ದಾಖಲೆಯೂ ಹೇಳುವುದಿಲ್ಲ.

ಈಗ ಆ ಅಂಗಳವೂ ಆಕೆಯ ಪಾಲಿಗೆ ಉಳಿಯುವುದೋ ಇಲ್ಲವೋ ತಿಳಿಯದು. ಬರುವ ಸೋಮವಾರ ತಹಶೀಲ ಕಚೇರಿಯಲ್ಲಿ ವಿಚಾರಣೆಯಿದೆ. ಆಕೆಯ ಮೇಲಿನ ಆರೋಪ ಈ ಬಿಳಿಯ ಎತ್ತಿನ ಸಂಬಂಧದ್ದೇ.

ಎತ್ತು ಮಟಕಿಯ ಜಮೀನ್ದಾರ ದೌಲತರಾಯರದು. ಉಣ್ಣೆಜ್ವರಕ್ಕೆ ಸಲೋತ್ರಿಗಳು ನೀಲಿ ಸೂಜಿ ಹಾಕಿ, ಎಂಟು ದಿನ ನೊಗ ಇಡಬಾರದೆಂದು ಹೇಳಿ ಕಳಿಸಿದ್ದರು. ಆರನೆಯ ದಿನ ಮರೆಮ್ಮ ನೋಡಲು ಹೋದಾಗ ಎತ್ತನ್ನು ಕೆಡವಿ ಕಾಲು ಕಟ್ಟಿದ್ದರು. ಪಕ್ಕೆಯ ತುಂಬ ಬಾವು, ನೀಲಿ. ಸೂಜಿಯ ವಿಷ ಹೊರಗೆ ಬಿದ್ದಿದೆ, ಬರೆ ಹಾಕಿ ಸುಡಬೇಕು ಎಂದು ಕುಡುಗೋಲನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ್ದರು.

"ರಾಯರು 'ಹಿಂದ ಸರಿ ಬೇ, ಅಂಗಳಾ ಮೈಲಿಗಿ ಆಗ್ತದ' ಅಂದ್ರು," ಎನ್ನುತ್ತಾಳೆ. "'ಸರೀತೇನ್ರಿ ಧಣಿ, ಮೊದಲ ಆ ಕುಡಗೋಲ ಸರೀಲಿ' ಅಂದೆ. ಕಾಲಿನ ಹಗ್ಗಾ ಬಿಚ್ಚಿದೆ. ಎತ್ತು ಎದ್ದ ನಿಂತು ನನ್ನ ಹಿಂದ ಬಂತ್ರಿ. ನಾ ಹಿಡದು ಜಗ್ಗಲಿಲ್ಲ, ದೇವರಾಣಿ. ಅದಾ ಬಂತು."

ಮರುದಿನವೇ ದೌಲತರಾಯರ ಅರ್ಜಿ ಕಚೇರಿ ಸೇರಿತು. ಎತ್ತು ಆ ಆರು ದಿನವೂ ಕೊಟ್ಟಿಗೆ ಬಿಟ್ಟು ಹೊರಬಿದ್ದಿಲ್ಲ. ಮರೆಮ್ಮನ ಕೈ ತಾಕಿ ಔಷಧ ಕೆಟ್ಟು ವಿಷವಾಗಿದೆ. ಆಕೆಯನ್ನು ದವಾಖಾನೆಯಿಂದ ತೆಗೆದುಹಾಕಬೇಕು. ಇದು ಅರ್ಜಿಯ ಸಾರ. ವಿಚಾರಣೆ ಮುಗಿಯುವವರೆಗೆ ಔಷಧದ ಕೋಣೆಗೆ ಕಾಲಿಡಬಾರದೆಂದು ಆಕೆಗೆ ಅಪ್ಪಣೆಯಾಗಿದೆ. ಆಕೆ ಕಾಲಿಡುವುದಿಲ್ಲ. ಆದರೆ ಒಲೆ ಹೊರಗಿದೆ, ಎತ್ತೂ ಹೊರಗಿದೆ.

"ಎತ್ತು ನೊಗಕ್ಕ ಬಿದ್ದದ್ದು ಬರೋಬ್ಬರಿ," ಎನ್ನುತ್ತಾರೆ ಸಲೋತ್ರಿಗಳು. "ಆದರ ನಾ ಕಣ್ಣಿಂದ ನೋಡಿಲ್ಲ. ಗಾಡಿ ಹೊಡೆದವ ಆ ಮನೀ ಆಳು, ಬಾಯಿ ಬಿಡೂದಿಲ್ಲ. ಗಾಡ್ಯಾಗ ಯಾರೋ ಕುಂತಿದ್ರಂತ. ಅವರು ಬಂದು ಹೇಳಿದ್ರ ಮುಗೀತು."

"ಯಾರಂತೆ?" ಎಂದು ನಾನು ಕೇಳುತ್ತೇನೆ. ಬೇವಿನ ಮರದ ಬಳಿ ಎತ್ತು ಮತ್ತೆ ಹಗ್ಗ ಜಗ್ಗುತ್ತದೆ.

ಸಲೋತ್ರಿಗಳು ಒಳಗೆ ಹೋದ ಮೇಲೆ ಮರೆಮ್ಮ ನನ್ನನ್ನು ಎತ್ತಿನ ಹತ್ತಿರ ಕರೆಯುತ್ತಾಳೆ. ಒಂದು ಕೈಯಿಂದ ಅದರ ಕಣ್ಣು ಮುಚ್ಚಿ ಹಿಡಿದುಕೊಂಡು, "ನೀವು ಎಣಿಸೂದ್ರಾಗ ಹುಷಾರು. ಎಣಿಸ್ರಿ ಮಾಸ್ತರ," ಎನ್ನುತ್ತಾಳೆ.

ನಾನು ಎಣಿಸುತ್ತೇನೆ. ಒಂದು, ಎರಡು, ಮೂರು. ಕೆಲವು ಒಂದರ ಮೇಲೊಂದು ಹಾಯ್ದಿವೆ, ಬೆರಳಿಟ್ಟು ಬಿಡಿಸಬೇಕಾಗುತ್ತದೆ. ಬೆರಳ ಕೆಳಗೆ ಚರ್ಮ ಅದುರುತ್ತದೆ. ಹನ್ನೊಂದು.

"ಇದರ ಕೆಳಗ ಹಳೇ ಗೀರೂ ಅದಾವ, ಹೋದ ವರ್ಷದ್ದು. ನೋಡ್ರಿ, ಅವಕ್ಕ ಬಣ್ಣ ಹತ್ತಿಲ್ಲ. ಅಂದ್ರ ಈ ಹನ್ನೊಂದು ಸೂಜಿ ಆದ ಮ್ಯಾಲ ಬಿದ್ದಾವ, ನೀಲಿ ಇನ್ನಾ ರಗತದಾಗ ತಿರಗಾಕತ್ತಿದ್ದಾಗ. ಎಲ್ಲಾ ಎಡಕ್ಕ. ಹೊಡದವ ಎಡಗೈಯವ. ಒಂದರ ಹಿಂದ ಒಂದು ಬಿದ್ದಾವ, ಎತ್ತಿಗೆ ಉಸರ ತಗೊಳ್ಳಾಕೂ ಬಿಟ್ಟಿಲ್ಲ. ಹೊಡದವ ಸಿಟ್ಟಿನ್ಯಾಗ ಹೊಡದಿಲ್ಲ ಮಾಸ್ತರ. ಸಿಟ್ಟಿನ್ಯಾಗ ಹೊಡದ್ರ ಒಂದು ಆಳಾಗ್ತದ, ಒಂದು ತೇಲ್ತದ. ಇವು ಎಲ್ಲಾ ಒಂದಾ ನಮೂನಿ. ಹಿಂದಿಂದ ಯಾರೋ ಹೊಡಿ ಅನ್ನಾಕತ್ತಿದ್ರು, ಅವ ಹೊಡಿಯಾಕತ್ತಿದ್ದ."

ಮಟಕಿಯ ಹೆಸರು ಕೇಳಿಯೂ ನನಗೆ ನೆನಪಾಗದಿದ್ದದ್ದು ಆ ಕ್ಷಣದಲ್ಲಿ ಕಣ್ಣ ಮುಂದೆ ಬರುತ್ತದೆ: ನಾನು ಕುಳಿತಿದ್ದ ಗಾಡಿ ಹೊಡೆದವನ ಎಡಗೈ.

ಶ್ರಾವಣದಲ್ಲಿ ಮಟಕಿಯ ಹಿರಿಯರು ನನ್ನನ್ನು ಉಪನ್ಯಾಸಕ್ಕೆ ಕರೆದಿದ್ದರು. ವಿಷಯ: ಸಕಲ ಜೀವಿಗಳಲ್ಲಿ ದಯೆ. ಒಂದೂವರೆ ಗಂಟೆ ಮಾತನಾಡಿದೆ, ಜನ ತಲೆದೂಗಿದರು. ಉಳಿದುಕೊಂಡದ್ದು ದೌಲತರಾಯರ ಮನೆಯಲ್ಲಿ. ಮರುದಿನ ಹತ್ತು ಗಂಟೆಗೆ ನಮ್ಮ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಉಪಾಹಾರದ ಉಪಚಾರದಲ್ಲಿ ಹೊತ್ತು ಏರಿತು. ರಾಯರ ಒಂದು ಜೋಡಿ ಹೊಲಕ್ಕೆ ಹೋಗಿತ್ತು. ಕೊಟ್ಟಿಗೆಯಲ್ಲಿದ್ದ ಇನ್ನೊಂದು ಜೋಡಿಯನ್ನು ಕಟ್ಟಿಸಿದರು. ಹೊಡೆಯಲು ಅಮೋಘಸಿದ್ದನೆಂಬ ಆಳು. ಊರು ದಾಟಿದ ಮೇಲೆ ಆತ ತಿರುಗಿ ಹೇಳಿದ ಮಾತು ಅಕ್ಷರಶಃ ನನ್ನ ಕಿವಿಯಲ್ಲಿದೆ: "ಮಾಸ್ತರ, ಈ ಎಡದ್ದಕ್ಕ ಮೊನ್ನಿ ನೀಲಿ ಸೂಜಿ ಆಗ್ಯದ್ರಿ. ಜರಾ ಮೆತ್ತಗ ಹೋಗಮು."

ನಾನು ಗಡಿಯಾರ ನೋಡಿದೆ. "ಹೊಡಿ," ಎಂದೆ. ಎತ್ತು ನಿಧಾನಿಸಿದಾಗಲೆಲ್ಲ, ಮೊಣಕಾಲ ಮೇಲಿದ್ದ ಹಾಜರಿ ಪುಸ್ತಕದಿಂದ ಕಣ್ಣು ತೆಗೆಯದೆ, "ಹೊಡಿ, ಹೊಡಿ," ಎಂದೆ. ಹತ್ತಕ್ಕೆ ಐದು ನಿಮಿಷವಿರುವಾಗ ಶಾಲೆಯ ಬಾಗಿಲಲ್ಲಿ ಇಳಿದೆ. ಆ ದಿನದ ತಪಾಸಣೆಯ ಷರಾದಲ್ಲಿ ಸಾಹೇಬರು ನನ್ನ ಸಮಯಪಾಲನೆಯನ್ನು ವಿಶೇಷವಾಗಿ ಮೆಚ್ಚಿ ಬರೆದಿದ್ದಾರೆ. ಹದಿನೈದು ದಿನಗಳಿಂದ ನಾನು ಅದನ್ನು ಕಂಡಕಂಡವರಿಗೆ ಓದಿ ಹೇಳಿದ್ದೇನೆ.

ಹೊಡೆದ ಕೈ ಅಮೋಘಸಿದ್ದನದು. ಏಟು ನನ್ನದು. ಏಟುಗಳು ಹನ್ನೊಂದು ಎಂಬುದು ಸಹ ನನಗೆ ತಿಳಿದಿರಲಿಲ್ಲ. ವರ್ಗದಲ್ಲಿ ಹುಡುಗರ ಅಂಗೈಗೆ ಛಡಿಯೇಟು ಕೊಡುವಾಗ ಅವರಿಂದಲೇ ಎಣಿಕೆ ಮಾಡಿಸುವ ಪದ್ಧತಿ ನನ್ನದು. ಇಲ್ಲಿ ಎಣಿಸಲು ಯಾರೂ ಇರಲಿಲ್ಲ. ಎಣಿಸಿಟ್ಟದ್ದು ಎತ್ತಿನ ಮೈ.

"ಮರೆಮ್ಮ, ಗಾಡಿಯಲ್ಲಿ ಕುಳಿತವನು ನಾನೇ," ಎನ್ನುತ್ತೇನೆ.

"ಗೊತ್ತದ್ರಿ," ಎನ್ನುತ್ತಾಳೆ.

"ಅಮೋಘಸಿದ್ದ ಹೇಳಿದನೇ?"

"ಅವ ಏನ ಹೇಳ್ತಾನ್ರಿ, ಪಾಪ. ಬಿಳಿಯಾ ಹೇಳ್ತು." ಆಕೆ ಅಂಗಳದ ಗೋಡೆಯತ್ತ ಗದ್ದ ಎತ್ತಿ ತೋರಿಸುತ್ತಾಳೆ. ಆ ಗೋಡೆಯ ಆಚೆಗೇ ನಮ್ಮ ಶಾಲೆ. "ದಿನಾ ಹತ್ತಕ್ಕ ನಿಮ್ಮ ಪಾಠ ಶುರು ಆಗ್ತದ. ನಿಮ್ಮ ದನಿ ಗ್ವಾಡಿ ದಾಟಿ ಬಂತಂದ್ರ ಇದು ಮೇವು ಬಿಡ್ತದ, ಕಿವಿ ಹಿಂದ ಹೋಗ್ತಾವ. ನೀವು ಸುಮ್ಮಾದ್ರ ಮತ್ತ ತಿಂತದ. ಮೊದಲನೇ ದಿನ ಏನೋ ಅನ್ಕೊಂಡೆ. ಮೂರನೇ ದಿನ ತಿಳೀತು. ಹನ್ನೊಂದು ವರ್ಷ ಆತ್ರಿ ನಿಮ್ಮ ಪಾಠ ನಾನೂ ಕೇಳಾಕತ್ತು. ದಯಾ, ದಯಾ ಅಂತೀರಿ. ನಡುವ ಛಡಿ ಸಪ್ಪಳಾನೂ ಕೇಳಸ್ತದ."

ಹನ್ನೊಂದು ವರ್ಷ ಈ ಗೋಡೆಯ ಈಚೆ ಒಬ್ಬಳು ನನ್ನ ಪ್ರತಿಯೊಂದು ಮಾತನ್ನೂ ಪ್ರತಿಯೊಂದು ಏಟನ್ನೂ ಕೇಳಿದ್ದಾಳೆ; ನಾನು ಒಂದು ದಿನವೂ ಇಣುಕಿ ನೋಡಿಲ್ಲ. ಗೋಡೆಯ ಆಚೆ ಅಕ್ಷರ ಕಲಿಯಲು ಆಕೆಯ ಕೇರಿಯ ಒಂದು ಮಗುವೂ ಬಂದಿಲ್ಲ. ಏಕೆಂದು ನಾನು ಕೇಳಿಕೊಂಡಿಲ್ಲ.

"ಗೊತ್ತಿದ್ದೂ ಸಾಹೇಬರಿಗೆ ಏಕೆ ಹೇಳಲಿಲ್ಲ? ಸೋಮವಾರ ನಿನ್ನ ಕೆಲಸ ಹೋಗುತ್ತಿತ್ತಲ್ಲ?"

"ಎತ್ತು ಕಿವಿ ಹಿಂದ ಮಾಡ್ತು ಅಂತ ಕಚೇರ್ಯಾಗ ಹೇಳ್ಲೇನ್ರಿ? ನಗ್ತಾರ. ನಿಮ್ಮಂಥವರ ಮ್ಯಾಲ ನನ್ನ ಮಾತ ಯಾರು ಕೇಳ್ತಾರ? ನೀವಾ ಬಂದ್ರಿ, ಬರಕೊಳ್ತೇನಿ ಅಂದ್ರಿ. ಹಂಗಾರ ಮೊದಲ ಎಣಿಸ್ಲಿ ಅನ್ಕೊಂಡೆ." ನಾನು ಕೈಮುಗಿಯಹೋದಾಗ ಆಕೆ ಹಿಂದೆ ಸರಿಯುತ್ತಾಳೆ. "ನನಗ್ಯಾಕ ಮುಗೀತೀರಿ ಯಪ್ಪಾ? ಏಟು ನನಗ ಬಿದ್ದಾವೇನು?"

ಅದೇ ದಿನ ಮಧ್ಯಾಹ್ನ ಸಲೋತ್ರಿಗಳ ಎದುರಿನಲ್ಲಿ ನನ್ನ ಹೇಳಿಕೆ ಬರೆದು ರುಜು ಹಾಕಿದ್ದೇನೆ: ಎತ್ತು ನೊಗಕ್ಕೆ ಬಿದ್ದದ್ದು ನಿಜ; ಸೂಜಿಯ ಸಂಗತಿ ತಿಳಿದೂ ಓಡಿಸಲು ಹೇಳಿದವನು ನಾನು; ಹೊಡೆದವನ ತಪ್ಪಿಲ್ಲ; ಮರೆಮ್ಮನ ತಪ್ಪು ಎಳ್ಳಷ್ಟೂ ಇಲ್ಲ. ದೌಲತರಾಯರು ಮನೆಗೆ ಬಂದು, "ಮಾಸ್ತರ, ಒಂದ್ ಎತ್ತಿನ ಸಲುವಾಗಿ, ಅದೂ ಆಕಿ ಸಲುವಾಗಿ, ನಿಮ್ಮ ಮರ್ಯಾದಿ ಯಾಕ ಕಳಕೊಳ್ತೀರಿ?" ಎಂದು ಕೇಳಿ ಹೋಗಿದ್ದಾರೆ. ಕಳೆದುಕೊಳ್ಳಲು ಅದು ನನ್ನಲ್ಲಿ ಇತ್ತೆಂದು ಅವರು ಇನ್ನೂ ನಂಬಿದ್ದಾರೆ. ಕಚೇರಿಯಲ್ಲಿ ಹೇಳಲಿರುವುದನ್ನು ಇಲ್ಲಿ ಅಚ್ಚು ಮಾಡಿಸಲು ಕಾರಣವಿದೆ. ನನ್ನ ಉಪನ್ಯಾಸ ಕೇಳಿ ತಲೆದೂಗಿದವರಿಗೆ ಕಚೇರಿಯ ಕಾಗದ ಕಾಣುವುದಿಲ್ಲ. ಭಾನುವಾರದ ಪತ್ರಿಕೆ ಕಾಣುತ್ತದೆ.

ಇಂದು ಶನಿವಾರ. ಬೆಳಗಿನ ಹಂಡೆ ಕುದಿಯುತ್ತಿದೆ. ಬಾಸುಂಡೆಗಳ ಅಂಚು ತಿಳಿಯಾಗಿದೆ. ತೊಡೆಯ ಮುಂದಿನ ಮಡಿಕೆಯಲ್ಲಿ ನಿಂಬೆಹಣ್ಣಿನಷ್ಟಿದ್ದ ಗಂಟು ಅಡಕೆಯಷ್ಟಾಗಿದೆ. ಮರೆಮ್ಮ ನನ್ನ ಬೆರಳು ಹಿಡಿದು ಅದನ್ನು ಮುಟ್ಟಿಸುತ್ತಾಳೆ. ಆಕೆ ನನ್ನ ಕೈ ಹಿಡಿದದ್ದನ್ನು ಗೋಡೆಯಾಚೆಯಿಂದ ಯಾರೋ ನೋಡುತ್ತಾರೆ. ನೋಡಲಿ.

ನಾಳೆಯ ಪತ್ರಿಕೆಯಲ್ಲಿ ಏನು ಬರೆಯಲಿ, ನಿನ್ನ ಆಸೆ ಏನು ಎಂದು ಮೆಲ್ಲಗೆ ಕೇಳುತ್ತೇನೆ. ಆಕೆ ಕಂಬಳಿಯ ತುಂಡನ್ನು ಹಿಂಡಿ ಮೊಣಕೈಗೆ ಒತ್ತಿಕೊಂಡು ನೋಡುತ್ತಾಳೆ.

"ನೀಲಿ ಸೂಜಿ ಆದ ಎತ್ತಿಗೆ ಎಂಟು ದಿನ ನೊಗ ಇಡಬ್ಯಾಡ್ರಿ ಅಂತ ಬರೀರಿ. ದೊಡ್ಡ ಅಕ್ಷರದಾಗ ಬರೀರಿ, ಓದಾಕ ಬರೂವರು ಓದಿ, ಬರದವರಿಗೆ ಹೇಳ್ಲಿ. ನನ್ನ ಹೆಸರು ಹಾಕಿದ್ರೂ ನಡೀತದ, ಬಿಟ್ಟರೂ ನಡೀತದ."

"ಸೋಮವಾರ ಹೆದರಿಕೆಯಿಲ್ಲವೇ?"

"ನನಗ್ಯಾಕ್ರಿ? ಬಿಳಿಯಾನ ಹಿಡಕೊಂಡು ಕಚೇರಿ ಮುಂದ ನಿಲ್ತೇನಿ. ನನ್ನ ಕೈಯಾಗ ಅದು ಹೆದರೂದಿಲ್ಲ." ಒಂದು ಹಿಡಿ ಹಸಿಹುಲ್ಲು ತೆಗೆದು ನನ್ನ ಕೈಗೆ ಕೊಡುತ್ತಾಳೆ. "ನೀವೂ ದಿನಾ ಮುಂಜಾನಿ ಬರ್ರಿ. ಮಾತಾಡಬ್ಯಾಡ್ರಿ, ಸುಮ್ನ ಹಿಡಕೊಂಡು ನಿಲ್ರಿ. ಒಂದಿಲ್ಲೊಂದು ದಿನ ತಿಂತದ."

ನಾನು ಹುಲ್ಲು ಹಿಡಿದು ನಿಲ್ಲುತ್ತೇನೆ. ಎತ್ತು ನೋಡುತ್ತದೆ, ಕಿವಿ ಹಿಂದಕ್ಕೆ ಒತ್ತುತ್ತದೆ. ತಿನ್ನುವುದಿಲ್ಲ.

"ಇವತ್ತಲ್ರಿ," ಎನ್ನುತ್ತಾಳೆ ಮರೆಮ್ಮ, ಒಲೆಗೆ ಕಟ್ಟಿಗೆ ಒಟ್ಟುತ್ತ.